ಕೋಟು ಹಾಕಿಕೊಂಡ ಮೇಲಿನ ಮಾತು

ಮೆಪ್ಪೆಲ್ ಊರಿನ ಶಾಲೆಯಲ್ಲಿ ಫೆಮ್ಕೆ ಟೀಚರ ಮಾತಿಗೆ ಗೊತ್ತಾದ ಜಾಗವೆಂದರೆ ಶಿಕ್ಷಕರ ಸಭೆಯ ಬಾಲ. ಅಲ್ಲಿ ಸಭೆಗಳೆಲ್ಲ 'ಸುತ್ತುಪ್ರಶ್ನೆ'ಯಿಂದ ಮುಗಿಯುತ್ತವೆ. ಏನಾದರೂ ಹೇಳುವುದಿದೆಯೇ ಎಂದು ಒಬ್ಬೊಬ್ಬರನ್ನೇ ಕೇಳುತ್ತಾ ಬರುವುದು ಪದ್ಧತಿ. ಫೆಮ್ಕೆಯವರ ಸರದಿ ಬರುವ ಹೊತ್ತಿಗೆ ಕಾಫಿ ಆರಿರುತ್ತದೆ, ಬಿಸ್ಕತ್ತಿನ ಡಬ್ಬಿ ಮುಚ್ಚಿರುತ್ತದೆ, ಮುಖ್ಯೋಪಾಧ್ಯಾಯ ರೂಲೋಫರ ಒಂದು ತೋಳು ಕೋಟಿನೊಳಗೆ ಹೋಗಿರುತ್ತದೆ. "ಬೇಗ ಹೇಳಿಬಿಡಿ ಫೆಮ್ಕೆ, ಹೊರಗೆ ಸೈಕಲ್ಲು ನೆನೀತಾ ಇದೆ," ಎನ್ನುತ್ತಾರೆ ಅವರು. "ನಿಮ್ಮ ಸೈಕಲ್ಲಿಗಿರೋ ಯೋಗ ನನ್ನ ಮಾತಿಗಿಲ್ಲ ನೋಡಿ," ಎಂದು ಫೆಮ್ಕೆ ನಗುತ್ತಾರೆ. ಕಿಟಕಿಯ ಚಿಲಕದಿಂದ ಹಿಡಿದು ಪಾಠದ ಹೊರೆಯವರೆಗೆ ಅವರು ಆಡದೆ ಉಳಿಸಿಕೊಂಡ ಮಾತುಗಳನ್ನು ಜೋಡಿಸಿದರೆ ಊರ ಕಾಲುವೆಗೆ ಇನ್ನೊಂದು ಸೇತುವೆಯಾದೀತು. ಮೊನ್ನೆಯ ಸಭೆಯಲ್ಲಿ ವೇಳಾಪಟ್ಟಿಯಿಂದ ಕಥೆ ಓದುವ ಅವಧಿಯನ್ನೇ ತೆಗೆದುಹಾಕಿದಾಗಲೂ, "ಮಕ್ಕಳಿಗೆ ಅದು..." ಎಂದು ಫೆಮ್ಕೆ ಎನ್ನುವಷ್ಟರಲ್ಲಿ ಯಾರೋ ದೀಪ ಆರಿಸಿದರು. ಅವರ ತರಗತಿಯಲ್ಲಿ ಮಾತ್ರ ಸುತ್ತುಪ್ರಶ್ನೆ ಬೆಳಗಿನ ಮೊದಲ ಕೆಲಸ. "ಕೋಟು ಗೂಟಕ್ಕೆ ಹಾಕ್ರಪ್ಪ, ಕೋಟು ಹಾಕ್ಕೊಂಡವರಿಗೆ ಕಿವಿ ಕೇಳಿಸಲ್ಲ," ಎಂದು ಮಕ್ಕಳನ್ನು ಸುತ್ತಲೂ ಕೂರಿಸಿಕೊಂಡು ಒಬ್ಬೊಬ್ಬರನ್ನೂ ಕೇಳುತ್ತಾರೆ, ತಡವರಿಸುವವರಿಗಾಗಿ ಕಾಯುತ್ತಾರೆ. ಸಭೆಯ ಮರುದಿನ ಸುತ್ತು ಮುಗಿದ ಮೇಲೆ ಪುಟ್ಟ ಮಾರಿಟ್, "ಟೀಚರ್, ನಿಮ್ಮನ್ನ ಯಾರೂ ಕೇಳ್ಲೇ ಇಲ್ವಲ್ಲ! ನೀವೂ ಹೇಳಿ," ಎಂದಳು. ಇಷ್ಟು ವರ್ಷ ಮಾತನ್ನು ತುದಿನಾಲಗೆಯಲ್ಲೇ ಇಟ್ಟುಕೊಂಡಿದ್ದ ಫೆಮ್ಕೆ ಕುರ್ಚಿಯನ್ನು ಮಕ್ಕಳ ಸುತ್ತಿನೊಳಕ್ಕೆ ಎಳೆದುಕೊಂಡರು. "ನನಗೆ ನಮ್ಮ ಕಥೆ ಹೊತ್ತು ವಾಪಸ್ ಬೇಕು ಕಣ್ರೋ," ಎಂದು ಶುರುಮಾಡಿ, ಏಕೆ ಬೇಕೆಂಬುದನ್ನೂ ನಿಧಾನವಾಗಿ ಹೇಳಿದರು. ಅವರು ಮುಗಿಸುವವರೆಗೆ ಒಬ್ಬರೂ ಕೋಟಿನ ಕಡೆ ತಿರುಗಿ ನೋಡಲಿಲ್ಲ.