ಶಾಂತಕ್ಕನ ಒಲೆಗೆ ಮೂರು ಮೀಟರು

ಮುನಿರಾಜಪ್ಪನವರು ಮೀಟರು ಕೂರಿಸದೆ ಬಿಟ್ಟಿರುವುದು ಹೆಂಡತಿ ಶಾಂತಕುಮಾರಿಯವರಿಗೆ ಮಾತ್ರ ಎಂದು ಮರ್ಫಿ ಟೌನಿನ ನಮ್ಮ ಬೀದಿಯಲ್ಲಿ ಒಂದು ಮಾತಿದೆ. ನೀರಿನ ಟ್ಯಾಂಕಿಗೆ ಮೀಟರು, ಫ್ರಿಜ್ಜಿಗೆ ಮೀಟರು, ಕೊನೆಗೆ ದೇವರ ಮನೆಯ ಸೀರಿಯಲ್ ಲೈಟಿಗೂ ಮೀಟರು. ಕಾರ್ಖಾನೆಯಲ್ಲಿ ಸ್ವಿಚ್‌ಬೋರ್ಡ್ ಜೋಡಿಸುತ್ತಿದ್ದ ಮನುಷ್ಯ. ನಿವೃತ್ತಿಯಾದದ್ದು ಅವರ ಕೆಲಸಕ್ಕೇ ಹೊರತು ಕೈಗಲ್ಲ.

ನಾನು ಅವರ ತಲೆಯ ಮೇಲೆ, ತಾರಸಿಯ ಒಂಟಿ ಕೋಣೆಯಲ್ಲಿ ಬಾಡಿಗೆಗಿರುವವಳು. ಹಾವೇರಿಯಿಂದ ಬಂದ, ರೊಟ್ಟಿ ತಿಂದು ಬೆಳೆದ ನನಗೆ ಮುದ್ದೆಯನ್ನು ಅಗಿಯದೆ ನುಂಗಲು ಕಲಿಸಿದ್ದು ಶಾಂತಕ್ಕ. ಹಾಗಾಗಿ ಈ ಕಥೆಯಲ್ಲಿ ನಾನು ಯಾರ ಕಡೆ ಎಂಬುದನ್ನು ಮೊದಲೇ ಹೇಳಿಬಿಡುತ್ತೇನೆ. ನಾನು ಊಟದ ಕಡೆ.

ಶಾಂತಕ್ಕ ವರ್ಷಗಟ್ಟಲೆ ರಿಚರ್ಡ್ಸ್ ಟೌನಿನ ಬಂಗಲೆಗಳಲ್ಲಿ ಬೇರೆಯವರ ಅಡುಗೆ ಮಾಡಿದವರು. ಈಗ ತಾರಸಿಯ ಶೀಟಿನ ಕೆಳಗೆ ಅವರದೇ ಒಲೆ. ಮರದ ಪುಡಿಯನ್ನು ಒತ್ತಿ ಮಾಡಿದ, ಸೀಮೆಸುಣ್ಣದ ತುಂಡಿನಂಥ ಪೆಲೆಟ್‌ಗಳನ್ನು ಅದರಲ್ಲಿ ಸುರಿಯುತ್ತಾರೆ. ಬುಡದಲ್ಲೊಂದು ಸಣ್ಣ ಫ್ಯಾನು, ಅದಕ್ಕೊಂದು ಬ್ಯಾಟರಿ. ಫ್ಯಾನು ಗಾಳಿ ಊದಿದರೆ ಗ್ಯಾಸಿನಂತೆ ಉರಿ, ಊದದಿದ್ದರೆ ಬರೀ ಹೊಗೆ. ಸುತ್ತಮುತ್ತಲ ಗ್ಯಾರೇಜು, ಆಟೋ ಸ್ಟ್ಯಾಂಡು, ಟೈಲರ್ ಅಂಗಡಿಗಳಿಗೆಲ್ಲ ಈಗ ‘ಶಾಂತಕ್ಕನ ಮುದ್ದೆ’ ಎಂದರೆ ಗೊತ್ತು. ತನ್ನ ಹೆಸರಿನಲ್ಲಿ ಅಡುಗೆ ಮಾಡುವ ಸುಖವೇ ಬೇರೆ ಎಂದು ಅವರು ಆಗಾಗ ಹೇಳುತ್ತಿದ್ದರು.

ಫ್ಯಾನು ಮಾತ್ರ ಆಗಾಗ ಕೈಕೊಡುತ್ತಿತ್ತು. ಒಮ್ಮೆ ಬ್ಯಾಟರಿ ಇಳಿದು, ಇನ್ನೊಮ್ಮೆ ಬೂದಿ ಕಟ್ಟಿ, ತಾರಸಿಯಲ್ಲಿ ಒಣಹಾಕಿದ್ದ ಬಟ್ಟೆಗಳೆಲ್ಲ ಹೊಗೆಯಲ್ಲಿ ಮಿಂದವು. ಅವುಗಳಲ್ಲಿ ನಮ್ಮೆಲ್ಲರ ಮನೆ ಮಾಲೀಕ ಶ್ರೀರಾಮಪ್ಪನವರ ಬಿಳಿ ಪಂಚೆಯೂ ಇತ್ತು. ಅವರು ಮೆಟ್ಟಿಲು ಹತ್ತಿ ಬಂದು, ಏದುಸಿರು ಬಿಡುತ್ತಲೇ ತೀರ್ಪು ಕೊಟ್ಟರು.

“ನೋಡಮ್ಮ ಶಾಂತಾ, ಇನ್ನೊಂದ್ ಸಲ ಹೊಗೆ ಬಂತೋ, ಈ ಒಲೆ ಇಲ್ಲಿರಲ್ಲ. ಆಮೇಲೆ ಬೇಜಾರ್ ಮಾಡ್ಕೋಬೇಡ.”

ಅವರು ಇಳಿದುಹೋದ ಮೇಲೆ ಶಾಂತಕ್ಕ ಸೆರಗಿನಿಂದ ಕಣ್ಣೊರೆಸಿಕೊಂಡರು. “ಒಲೆ ಹೋದ್ರೆ ಮತ್ತೆ ಯಾರ್ ಮನೆ ಬಾಗ್ಲು ತಟ್ಲಿ ಆಶಾ?” ಎಂದರು.

ಮುನಿರಾಜಪ್ಪನವರು ನೇರ ಶಿವಾಜಿನಗರಕ್ಕೆ ಹೋದರು. ಅಲ್ಲಿ ಶಫಿ ಎಂಬ ಗೆಳೆಯರ ಗುಜರಿ ಅಂಗಡಿ ಇವರಿಗೆ ತವರುಮನೆ ಇದ್ದಂತೆ. ಸಂಜೆ ಬರುವಾಗ ಚೀಲದಲ್ಲಿ ಮೂರು ಹಳೆಯ ಮುಳ್ಳಿನ ಮೀಟರುಗಳಿದ್ದವು. ಹಲಗೆಯೊಂದಕ್ಕೆ ಅವನ್ನು ಕೂರಿಸಿ, ವೈರು ಎಳೆದು, ಒಲೆಯ ಪಕ್ಕದ ಗೋಡೆಗೆ ನೇತುಹಾಕಿದರು. ಮೊದಲನೆಯದು ಬ್ಯಾಟರಿಯ ವೋಲ್ಟು, ಎರಡನೆಯದು ಫ್ಯಾನು ಎಳೆಯುವ ಕರೆಂಟು, ಮೂರನೆಯದು ಒಲೆಯ ಬಿಸಿ. ಎಲ್ಲದರ ಮೇಲೂ ಹಸಿರು ಬಣ್ಣದ ಗೆರೆ.

“ಮುಳ್ಳು ಹಸಿರಲ್ಲಿದ್ರೆ ನೆಮ್ಮದಿ. ಇಳೀತು ಅಂದ್ರೆ ಹೊಗೆಗೆ ಮುಂಚೆನೇ ನಮ್ಗೆ ಸುದ್ದಿ,” ಎಂದು ಪಾಠ ಶುರುಮಾಡಿದರು. ಫ್ಯಾನಿನ ಬಾಯಿಗೆ ಅಂಗೈ ಅಡ್ಡ ಹಿಡಿದರು. ನಡುವಿನ ಮುಳ್ಳು ಸರ್ರನೆ ಕೆಳಗಿಳಿಯಿತು. “ನೋಡಿದ್ಯಾ? ಗಾಳಿ ಸಿಗ್ಲಿಲ್ಲ, ಫ್ಯಾನಿಗೆ ಕೆಲ್ಸ ಇಲ್ಲ, ಕರೆಂಟೂ ಬೇಡ. ಮೀಟರ್ ಯಾವತ್ತೂ ಸುಳ್ಳು ಹೇಳಲ್ಲ ಶಾಂತಾ.”

ಶಾಂತಕ್ಕ ತಲೆಯೆತ್ತದೆ ಸೊಪ್ಪು ಸೋಸುತ್ತಿದ್ದರು. “ಮೊಮ್ಮಗಳಿಗೆ ವಾಚ್ ತನ್ನಿ ಅಂದ್ರೆ ತರಲ್ಲ, ಒಲೆಗೆ ಮೂರು ವಾಚು,” ಎಂದು ನನ್ನ ಕಡೆ ನೋಡಿ ನಕ್ಕರು. ಮರುದಿನವೇ ಹಲಗೆಯ ಮೊಳೆಗೆ ಸೌಟು ತೂಗುಹಾಕಿಬಿಟ್ಟರು. ಸೌಟು ಸರಿಯಾಗಿ ನಡುವಿನ ಮೀಟರಿನ ಮುಖಕ್ಕೇ ಅಡ್ಡ. ಮುನಿರಾಜಪ್ಪನವರು ತೆಗೆಯುವುದು, ಇವರು ಮತ್ತೆ ಹಾಕುವುದು. ಗಂಡ ಹೆಂಡಿರ ಜಗಳ ಉಂಡು ಮಲಗುವ ತನಕ ಅನ್ನುತ್ತಾರೆ. ಇವರದು ಉಣ್ಣುವಾಗಲೂ ನಿಲ್ಲಲಿಲ್ಲ.

ಆಯುಧಪೂಜೆ ಬಂತು. ಅಂದು ಆಟೋ ಸ್ಟ್ಯಾಂಡಿನವರಿಗೆ ಹಬ್ಬದ ಊಟ ಶಾಂತಕ್ಕನದೇ. ಮುನಿರಾಜಪ್ಪನವರು ಬೆಳಿಗ್ಗೆಯೇ ಹಲಸೂರಿಗೆ ಹೋಗಿ ಚೆಂಡುಹೂವಿನ ಹಾರ ತಂದರು. ಸ್ಕ್ರೂಡ್ರೈವರ್, ಕಟಿಂಗ್ ಪ್ಲೇಯರ್‌ಗಳಿಗೆಲ್ಲ ಅರಿಶಿನ ಕುಂಕುಮವಾಯಿತು. ಮೂರು ಮೀಟರುಗಳ ಹಣೆಗೆ ಮೂರು ಬೊಟ್ಟು. ಒಲೆಗೆ ಮೂರು ಪಟ್ಟೆ ವಿಭೂತಿ, ಸುತ್ತಲೂ ಹಾರ. ಹೊಸ ಲಾರಿಗೆ ಮಾಡುವಂತೆ ಒಲೆಯ ಮುಂದೆ ನಿಂಬೆಹಣ್ಣನ್ನೂ ತುಳಿದರು. ಶ್ರೀರಾಮಪ್ಪನವರು ಮಂಗಳಾರತಿಗೆಂದು ಮೇಲೆ ಬಂದಿದ್ದರು, ಮೈಮೇಲೆ ಹೊಸ ಬಿಳಿ ಪಂಚೆ.

ಆರತಿ ಮುಗಿಯಿತು, ಒಲೆ ಹತ್ತಿಸಿದರು, ದೊಡ್ಡ ಪಾತ್ರೆಯಲ್ಲಿ ಬೇಳೆ ಕೂತಿತು. ಸ್ವಲ್ಪ ಹೊತ್ತಿಗೆ ಉರಿ ಕೆಂಪಾಯಿತು. ಅದರ ತುದಿಯಲ್ಲಿ ಬೂದುಬಣ್ಣದ ಒಂದು ಎಳೆ ಎದ್ದಿತು.

ಶ್ರೀರಾಮಪ್ಪನವರು ಪಂಚೆ ಎತ್ತಿ ಹಿಡಿದು ಒಂದು ಹೆಜ್ಜೆ ಹಿಂದಕ್ಕೆ ಸರಿದರು. “ಏನಪ್ಪಾ ಮುನಿರಾಜು?” ಎಂದರು.

ಮುನಿರಾಜಪ್ಪನವರು ಸೌಟು ಕಿತ್ತೆಸೆದು ಮೀಟರು ನೋಡಿದರು. ವೋಲ್ಟು ಸರಿಯಾಗಿತ್ತು. ನಡುವಿನ ಮುಳ್ಳು ಹಸಿರಿನ ಕೆಳಗೆ ಬಿದ್ದಿತ್ತು. ಬೆರಳಿನಿಂದ ಗಾಜಿಗೆ ಟಕಟಕ ಹೊಡೆದರು. ಮುಳ್ಳು ಅಲ್ಲಾಡಲಿಲ್ಲ. “ಫ್ಯಾನ್ ತಿರುಗೋ ಸದ್ದು ಕೇಳ್ತೈತಲ್ಲ! ಥತ್, ಈ ಮೀಟರೇ ಕೆಟ್ಟೋಯ್ತು. ಗುಜರಿ ಮಾಲು ತಂದಿದ್ದೇ ತಪ್ಪು,” ಎಂದು, ಆಗತಾನೆ ಪೂಜೆಯಾದ ಸ್ಕ್ರೂಡ್ರೈವರ್ ಎತ್ತಿಕೊಂಡು ಹಲಗೆ ಬಿಚ್ಚತೊಡಗಿದರು. ಹೊಗೆ ದಪ್ಪವಾಯಿತು. ಶಾಂತಕ್ಕನ ಒಲೆ ಇವತ್ತಿಗೆ ಮುಗಿಯಿತು ಎಂದು ನಾನು ಕಣ್ಣು ಮುಚ್ಚಿಕೊಂಡೆ.

“ಬಿಡ್ರೀ ಅದನ್ನ!” ಶಾಂತಕ್ಕನ ಧ್ವನಿ. “ಮೀಟರ್ ಸುಳ್ಳು ಹೇಳಲ್ಲ. ವೋಲ್ಟ್ ಐತೆ, ಫ್ಯಾನ್ ತಿರುಗ್ತೈತೆ, ಕರೆಂಟ್ ಎಳೀತಿಲ್ಲ. ಅಂದ್ರೆ ಅದ್ರ ಬಾಯಿ ಮುಚ್ಚೈತೆ!”

ಬಗ್ಗಿ, ಒಲೆಯ ಬುಡಕ್ಕೆ ಕೈಹಾಕಿ, ಹಾರವನ್ನು ಎಳೆದರು. ಅದರ ಸಡಿಲ ತುದಿಯನ್ನು ಫ್ಯಾನು ತನ್ನ ಕಡೆಗೆ ಸೆಳೆದುಕೊಂಡು, ಜಾಲರಿಯ ತುಂಬ ಚೆಂಡುಹೂವು ಅಂಟಿಸಿಕೊಂಡು ಕೂತಿತ್ತು. ಹೂವು ಕಿತ್ತು ಬಂದದ್ದೇ ತಡ, ಮುಳ್ಳು ಜಿಗಿದು ಹಸಿರಿಗೆ ಬಂತು. ಉರಿ ಬುಸ್ಸೆಂದು ಎದ್ದಿತು. ಹೊಗೆ ಹಲಸೂರಿನ ಕಡೆ ಹೋಗಿ ಕರಗಿತು.

ಮುನಿರಾಜಪ್ಪನವರು ಸ್ಕ್ರೂಡ್ರೈವರ್ ಹಿಡಿದೇ ನಿಂತಿದ್ದರು. “ನೀನ್ ಯಾವಾಗಿಂದ ಮೀಟರ್ ನೋಡ್ತಿದ್ದೆ?”

“ಮೊದಲ್ನೇ ದಿನದಿಂದ. ದಿನಾ ಒಲೆ ಹಚ್ದಾಗ ಸೌಟು ಎತ್ತಿ ನೋಡ್ತಿದ್ದೆ. ನಿಮ್ಮುಂದೆ ನೋಡಿದ್ರೆ ನಿಮಗೆ ಕೋಡು ಬಂದ್ಬಿಡ್ತಿತ್ತು, ಅದಕ್ಕೇ.”

ಶ್ರೀರಾಮಪ್ಪನವರು ಪಂಚೆ ಕೆಳಗೆ ಬಿಟ್ಟರು. ಮೀಟರುಗಳ ಹತ್ತಿರ ಬಂದು, ಕುಂಕುಮ ಇಟ್ಟ ಮೂರು ಮುಖಗಳನ್ನೂ ಒಂದೊಂದಾಗಿ ನೋಡಿದರು. “ಒಲೆ ಇರ್ಲಮ್ಮ,” ಎಂದರು. “ಮೀಟರ್ ಓದೋಳು ಇಲ್ಲಿರೋವರ್ಗೂ ಇರ್ಲಿ. ಇವನನ್ನ ಮಾತ್ರ ಹಾರ ಹಿಡ್ಕೊಂಡು ಹತ್ರ ಬಿಡ್ಬೇಡ.”

ನನಗೆ ಅಳುವಷ್ಟು ಸಂತೋಷವಾಯಿತು, ಆದರೆ ನಕ್ಕುಬಿಟ್ಟೆ. ಶಾಂತಕ್ಕ ಕೈಯಲ್ಲಿದ್ದ ಹಾರವನ್ನು, ಅರ್ಧ ಬಾಡಿ ಅರ್ಧ ಮಸಿಯಾದದ್ದನ್ನು, ಗಂಡನ ಕೊರಳಿಗೆ ಹಾಕಿ ಬೇಳೆ ತಿರುವಲು ಹೋದರು. ಮುನಿರಾಜಪ್ಪನವರು ಅದನ್ನು ಊಟ ಮುಗಿಯುವವರೆಗೂ ತೆಗೆಯಲಿಲ್ಲ. ಊಟವಾದ ಮೇಲೆ ಗೋಡೆಗೆ, ಹಲಗೆಯಿಂದ ಒಂದು ಮಾರು ದೂರದಲ್ಲಿ, ಸೌಟಿಗೆಂದೇ ಹೊಸದೊಂದು ಮೊಳೆ ಹೊಡೆದುಕೊಟ್ಟರು.