ಖಂಡೆ ಪೂಜೆಗೆ ತೊಳೆದ ಬೋರ್ಡು

ನಮ್ಮೂರ ಶಾಲೆಯಲ್ಲಿ ಬಿಸಿಯೂಟ ಬೇಯಿಸುವ ಕೆಲಸ ನನ್ನದು. ಅಡುಗೆ ಕೋಣೆಯ ಕಿಟಕಿಗೆ ಏಳನೆಯ ಇಯತ್ತೆಯ ಕೋಣೆ ನೇರ ಎದುರು. ಹೀಗಾಗಿ ಅಲ್ಲಿ ಏನು ನಡೆಯುತ್ತದೆಂಬುದು ಹೆಡ್‌ಮಾಸ್ತರರಿಗಿಂತ ನನಗೇ ಹೆಚ್ಚು ಗೊತ್ತು. ನಾನು ಕಲಿತದ್ದು ಮೂರನೆಯ ಇಯತ್ತೆಯವರೆಗೆ. ಆಮೇಲೆ ಎಮ್ಮೆ ಕಾಯಲು ಹಚ್ಚಿದರು. ಅದಕ್ಕಾಗಿ ನಾನೇನೂ ಅತ್ತವಳಲ್ಲ.

ಆ ಕೋಣೆಯಲ್ಲಿ ನನ್ನ ಮಗನ ಮಗಳು ಕೂತಿರುತ್ತಿದ್ದಳು. ಕೂತಿರುತ್ತಿದ್ದಳು ಅನ್ನುವುದೂ ಸುಳ್ಳು. ಉಂಡು ತಾಟು ತೊಳೆದಿಟ್ಟಳೆಂದರೆ ಹಿಂದಿನ ಗೋಡೆ ಹಾರಿ ಕಬ್ಬಿನೊಳಗೆ ಮಾಯ. ಅವಳಿಗೆ ಓದಲು ಬರುತ್ತಿರಲಿಲ್ಲ. ಅಕ್ಷರ ಬಿಡಿಬಿಡಿಯಾಗಿ ಗೊತ್ತು, ಕೂಡಿಸಿ ಓದು ಅಂದರೆ ಬಾಯಿ ಬಿಡಳು. ಮಾಸ್ತರರು ಎಬ್ಬಿಸಿ ನಿಲ್ಲಿಸುವರು, ಉಳಿದ ಹುಡುಗರು ನಗುವರು. ಇಂಥಲ್ಲಿ ಯಾರು ಕೂಡುತ್ತಾರೆ?

ಒಂದು ಸಂಜೆ ಮಗ ಮಾತು ಮುಗಿಸಿಬಿಟ್ಟ. "ದಸರಾ ತನಕ ನೋಡ್ತೀನಿ ನಾ. ಹಿಂಗ ಸಾಲಿ ಬಿಟ್ಟ ಓಡಿದ್ಲಂದ್ರ ಅವ್ವನ ಕೂಡ ದ್ರಾಕ್ಷಿ ತ್ವಾಟಕ್ಕ ಹೋಗ್ಲಿ. ಅಲ್ಲೆರ ಕೈಗೆ ಕೆಲಸ ಇರ್ತೈತಿ."

ಸೊಸೆ ಮುಂಚಿನಿಂದಲೂ ದ್ರಾಕ್ಷಿ ತೋಟಗಳ ಕೆಲಸಕ್ಕೆ ಹೋಗುವವಳು. 

ಅದೇ ಮಳೆಗಾಲದಲ್ಲಿ ಶಾಲೆಗೆ ಬೋರ್ಡು ಬಂತು. ಊರಿನ ಒಂದು ಜೈನ ಮನೆತನದವರು ತೀರಿಹೋದ ತಂದೆಯ ನೆನಪಿಗೆ ಕೊಟ್ಟದ್ದು. ಮಾಸ್ತರರು ಅದಕ್ಕೆ ಸ್ಮಾರ್ಟ್ ಬೋರ್ಡ್ ಅನ್ನುತ್ತಿದ್ದರು, ಊರವರು ದೊಡ್ಡ ಟಿವಿ ಅಂದರು. ಏಳನೆಯ ಇಯತ್ತೆಯ ಕೋಣೆಯಲ್ಲಿ ಅದನ್ನು ಕೂಡಿಸಿದ ದಿನ ನನ್ನ ಜೊತೆ ಅಡುಗೆ ಮಾಡುವವಳು ಬಾಗಿಲಲ್ಲಿ ನಿಂತು, "ಇದರಾಗ ಮರಾಠಿ ಸೀರಿಯಲ್ ಬರ್ತಾವೇನ್ರಿ ಸರ್?" ಅಂದಳು. "ಪಾಠ ಅಷ್ಟ ಬರ್ತಾವ್ರಿ ಬಾಯಿ," ಅಂದರು ಹೆಡ್‌ಮಾಸ್ತರರು. "ಹಂಗಾರ ಎರಡ ದಿನದಾಗ ಹುಡುಗೂರಿಗೆ ಬ್ಯಾಸರ ಆಕ್ಕೈತಿ ತಗೋರಿ," ಅಂದು ಅವಳು ಬೇಳೆ ತಿರುವಲು ಹೋದಳು.

ಬೇಸರವಾಗಲಿಲ್ಲ. ಆ ಬೋರ್ಡಿನಲ್ಲಿ ಒಬ್ಬ ಹೆಂಗಸು ಪಾಠ ಓದುತ್ತಿದ್ದಳು. ಅವಳ ಕನ್ನಡ ನಮ್ಮ ಕಡೆಯದಲ್ಲ, ಹುಡುಗರು ಮೊದಲು ಅಣಕಿಸಿದರು. ಆದರೆ ಅವಳು ಓದಿದಂತೆ ಒಂದೊಂದೇ ಶಬ್ದ ಹಳದಿಯಾಗುತ್ತಿತ್ತು. ತಿಳಿಯದಿದ್ದರೆ ಮತ್ತೆ ಒತ್ತಿದರಾಯಿತು, ಮತ್ತೆ ಓದುವಳು. ಹತ್ತು ಸಲ ಒತ್ತಿದರೂ ಅವಳಿಗೆ ಸಿಟ್ಟಿಲ್ಲ. ಮಾಸ್ತರರು ಪಾಠ ಹಚ್ಚಿಕೊಟ್ಟು ಫೋನು ನೋಡುತ್ತ ಕೂಡುತ್ತಿದ್ದರು. ಅದನ್ನೂ ಕಿಟಕಿಯಿಂದ ಕಂಡಿದ್ದೇನೆ. ಇದ್ದದ್ದು ಇದ್ದ ಹಾಗೆ ಹೇಳಬೇಕು.

ನನ್ನ ಮೊಮ್ಮಗಳು ಗೋಡೆ ಹಾರುವುದು ನಿಂತಿತು. ಊಟದ ನಂತರ ಎಲ್ಲರಿಗಿಂತ ಮೊದಲು ಹೋಗಿ ಬೋರ್ಡಿನ ಮುಂದೆ ಕೂಡುವಳು. ಒಂದು ದಿನ ಕೈ ಮೇಲೆ ಮಾಡಿ ತಾನೇ ಎದ್ದಳು, ಬೆರಳಿನಿಂದ ಲೆಕ್ಕದ ಪಾಠದ ರೊಟ್ಟಿಯ ಚಿತ್ರ ಎಳೆದು ನಾಲ್ಕು ಪಾಲು ಮಾಡಿದಳು. ಬೋರ್ಡು ಶಭಾಷ್ ಅಂತು. ಸಂಜೆ ಮನೆಗೆ ಬಂದು, "ಆಯಿ, ನನಗ ಶಭಾಷ್ ಅಂದೈತಿ," ಅಂದಳು. "ಅದು ಎಲ್ಲಾರಿಗೂ ಅಂತೈತಿ ತಗೋ," ಅಂದೆ ನಾನು. ಬಾಯಿ ನನ್ನದು ಮೊದಲಿನಿಂದಲೂ ಹಾಗೇ.

ದಸರೆ ಹತ್ತಿರ ಬಂದಾಗ ಅಡುಗೆ ಕೋಣೆಗೆ ಬಂದು ಎಣ್ಣೆ ಪಾಕೀಟಿನ ಮೇಲಿನ ಅಕ್ಷರ ಕೂಡಿಸಿ ಓದಿದಳು. ಒಂದೊಂದು ಶಬ್ದಕ್ಕೂ ಉಸಿರು ತೆಗೆದುಕೊಂಡು, ಆದರೆ ಓದಿದಳು. ನಾನು ಮಗನಿಗೆ ಹೇಳಿದೆ. "ಹಂಗಾರ ಸಾಲಿಗೇ ಹೋಗ್ಲಿ ಬಿಡು," ಅಂದ ಅವನು.

ಇನ್ನು ನಾನು ಮಾಡಿದ್ದನ್ನು ಹೇಳುತ್ತೇನೆ.

ದಸರೆಯ ಖಂಡೆ ಪೂಜೆಗೆ ದುಡಿಯುವ ಸಾಮಾನನ್ನೆಲ್ಲ ತೊಳೆದು ಪೂಜೆ ಮಾಡುವುದು ನಮ್ಮ ರೂಢಿ. ಕುಡಗೋಲು, ನೇಗಿಲು, ಟ್ರ್ಯಾಕ್ಟರು, ಬಾವಿಯ ಮೋಟರು, ಯಾವುದನ್ನೂ ಬಿಡುವುದಿಲ್ಲ. ತೊಳೆಯದ ಸಾಮಾನಿಗೆ ಕುಂಕುಮ ಹಚ್ಚಬಾರದು. ಸೂಟಿ ಬಿಡುವ ದಿನ ಶಾಲೆಯಲ್ಲೂ ಪೂಜೆ ಇಟ್ಟುಕೊಂಡಿದ್ದರು. ಹಿಂದಿನ ಸಂಜೆ ಹೆಡ್‌ಮಾಸ್ತರರು ಕೀಲಿಕೈ ನನ್ನ ಕೈಗೆ ಕೊಟ್ಟು, "ಎಲ್ಲಾ ಸ್ವಚ್ಛ ಮಾಡಿ ಇಡ್ರಿ ಬಾಯಿ," ಅಂದು ಹೋದರು. ಒಲೆ ತೊಳೆದೆ, ಗಂಟೆ ತೊಳೆದೆ, ಕುರ್ಚಿ ತೊಳೆದೆ. ಬೋರ್ಡಿನ ಮೇಲೆ ಹುಡುಗರ ಬೆರಳಿನ ಜಿಡ್ಡು ಕೂತಿತ್ತು. ಈ ವರ್ಷ ಎಲ್ಲಕ್ಕಿಂತ ಹೆಚ್ಚು ದುಡಿದ ಸಾಮಾನು ಅದೇ ಅಂದುಕೊಂಡು ಸಾಬೂನಿನ ಪುಡಿ ಹಾಕಿ ಉಜ್ಜಿದೆ. ಮೇಲಿನಿಂದ ಎರಡು ತಂಬಿಗೆ ನೀರು ಬಿಟ್ಟೆ. ಫಳಫಳ ಆಯಿತು.

ಮರುದಿನ ಕುಂಕುಮ ಹಚ್ಚಿದರು, ಕಾಯಿ ಒಡೆದರು, ಆರತಿ ಮಾಡಿದರು. ಗುಂಡಿ ಒತ್ತಿದರೆ ಒಂದಿಷ್ಟು ಗೆರೆ ಕಾಣಿಸಿದವು. ಆಮೇಲೆ ಕಪ್ಪು. ನಾನು ಆಗಲೇ ಮುಂದೆ ಬಂದು, "ನಾ ನೀರ ಹಾಕಿ ತೊಳದೇನ್ರಿ ಸರ್," ಅಂದೆ. ಹೆಡ್‌ಮಾಸ್ತರರು ಮೆಕ್ಯಾನಿಕ್‌ಗೆ ಫೋನು ಹಚ್ಚಿದರು. ಬೈಯಲಿಲ್ಲ. ಬೈದಿದ್ದರೆ ಚಲೋ ಇತ್ತು.

ಮೀರಜದಿಂದ ಬಂದ ಮೆಕ್ಯಾನಿಕ್ ಹಿಂದಿನ ಮುಚ್ಚಳ ಬಿಚ್ಚಿ ಮೂಸಿ ನೋಡಿದ. "ಇದಕ್ಕ ಜಳಕಾ ಮಾಡ್ಸೀರೇನ್ರಿ? ಬೆನ್ನರ ತಿಕ್ಕೀರಿಲ್ಲೋ?" ಅಂದ. ಎಲ್ಲರೂ ನಕ್ಕರು. ನೀರು ಹೋದದ್ದಕ್ಕೆ ಗ್ಯಾರಂಟಿ ಇಲ್ಲವಂತೆ, ಒಳಗಿನದೆಲ್ಲ ಹೊಸದು ಹಾಕಬೇಕಂತೆ. ಕೊಟ್ಟ ಮನೆಯವರು ಒಮ್ಮೆ ಕೊಟ್ಟಾಯಿತು ಅಂದರು. ಅವರದೇನೂ ತಪ್ಪಿಲ್ಲ. ಹೆಡ್‌ಮಾಸ್ತರರು ಮೇಲೆ ಅರ್ಜಿ ಬರೆದರು, ಉತ್ತರ ಬರಲಿಲ್ಲ.

ಮನೆಯಲ್ಲಿ ಮೊಮ್ಮಗಳು ಒಂದೇ ಮಾತು ಕೇಳಿದಳು. "ನೀರ ಯಾಕ ಹಾಕಿದಿ ಆಯಿ?"

"ತೊಳೀಬೇಕಂತ ತೊಳದೆ."

ದಸರೆ ಸೂಟಿಯಲ್ಲೇ ದ್ರಾಕ್ಷಿಯ ಛಾಟಣಿ. ಬಳ್ಳಿ ಕತ್ತರಿಸಿದ ಮೇಲೆ ಕಡ್ಡಿಯ ಚಿಗುರೊಡೆಯುವ ಕಣ್ಣಿಗೆ ಔಷಧದ ಪೇಸ್ಟು ಹಚ್ಚಬೇಕು, ಆಳು ಸಾಲುವುದಿಲ್ಲ. ಸೂಟಿ ಇರುವ ತನಕ ಅಂತ ಹುಡುಗಿ ಅವ್ವನ ಜೊತೆ ಹೋದಳು. ಶಾಲೆ ತೆರೆದ ದಿನ ತೋಟ ಬಿಟ್ಟು ಶಾಲೆಗೇ ಬಂದಳು, ಅದನ್ನು ನಾನು ಮುಚ್ಚಿಡುವುದಿಲ್ಲ. ಮಾಸ್ತರರು ಪುಸ್ತಕ ತೆಗೆಸಿ ಅವಳನ್ನೇ ಎಬ್ಬಿಸಿದರು. ನಾನು ಅಕ್ಕಿ ಆರಿಸುವುದು ಬಿಟ್ಟು ಕಿಟಕಿಗೆ ಬಂದೆ. ಓದಿದಳು. ಒಂದು ಸಾಲು ಪೂರಾ ಓದಿದಳು, ಎಣ್ಣೆ ಪಾಕೀಟು ಓದಿದ ಹಾಗೇ, ಉಸಿರು ತೆಗೆದುಕೊಂಡು. ಹಿಂದಿನ ಸಾಲಿನಲ್ಲಿ ಒಬ್ಬ, "ಎತ್ತಿನ ಗಾಡಿ ಬಂತ್ರಲೇ, ದಾರಿ ಬಿಡ್ರಿ," ಅಂದ. ಕೋಣೆಯೆಲ್ಲ ನಕ್ಕಿತು. ಮಾಸ್ತರರಿಗೂ ನಗು ತಡೆಯಲಿಲ್ಲ. ಎರಡನೆಯ ಸಾಲು ಅವಳು ಓದಲಿಲ್ಲ.

ಮರುದಿನ ಬೆಳಿಗ್ಗೆ ಆಳುಗಳ ಟಮ್‌ಟಮ್ ಹತ್ತಿ ಹೋದಳು. ಯಾರೂ ಕಳಿಸಲಿಲ್ಲ.

ತಿಂಗಳಾದ ಮೇಲೆ ಒಂದು ರವಿವಾರ ಹೆಡ್‌ಮಾಸ್ತರರು ಮನೆಗೆ ಬಂದರು. ಹೆಸರು ಇನ್ನೂ ಹಾಜರಿ ಪಟದಲ್ಲಿದೆ ಅಂದರು. ಹುಡುಗಿಯನ್ನು ಕರೆದು ಕೂಡಿಸಿಕೊಂಡು, "ಯಾಕ ಬರವಲ್ಲಿ ತಂಗಿ? ತ್ವಾಟದಾಗ ಅಂಥಾದ್ದೇನೈತಿ?" ಅಂತ ಕೇಳಿದರು.

ಬೆರಳ ಸಂದಿಯಲ್ಲಿ ಔಷಧ ತಾಗಿ ಅವಳ ಕೈಯ ಸಿಪ್ಪೆ ಸುಲಿದಿತ್ತು. ಅದನ್ನು ಕೆರೆಯುತ್ತ, "ಏನೂ ಇಲ್ರಿ ಸರ್. ಅಲ್ಲಿ ಯಾರೂ ಓದ ಅನ್ನೂದಿಲ್ರಿ," ಅಂದಳು.

ಅವರು ನನ್ನ ಕಡೆ ನೋಡಿದರು, ಅಜ್ಜಿ ಏನಾದರೂ ಹೇಳಿಯಾಳು ಅಂತ. ನಾನು ಎದ್ದು ಒಲೆ ಹಚ್ಚಿದೆ. ಚಹಾ ಕುಡಿದು ಹೋದರು.