ಹಸಿರು ಗುರುತನ್ನು ನಂಬದ ಅಕ್ಕ

ಬೆಳಗಿನ ಐದೂವರೆ. ಆಸ್ಪತ್ರೆಯ ನೋಂದಣಿ ಕೋಣೆಯಲ್ಲಿ ಇನ್ನೂ ಕಸ ಗುಡಿಸಿಲ್ಲ. ಐವತ್ತರ ಗಡಿ ದಾಟಿದ ಹೆಂಗಸೊಬ್ಬರು ಕಂಪ್ಯೂಟರಿನ ಮುಂದೆ ಕೂತಿದ್ದಾರೆ. ವೈರಸ್ ತಡೆಯುವ ರಕ್ಷಣಾ ತಂತ್ರಾಂಶವೊಂದನ್ನು ತೆಗೆಯಲು ಹೊರಟರೆ ಅದು ಮೂರನೆಯ ಸಲ ‘ನಿಜವಾಗಿಯೂ ತೆಗೆಯಬೇಕೆ?’ ಎಂದು ಕೇಳುತ್ತದೆ. ಹೌದು ಎಂದು ಒತ್ತುತ್ತಾರೆ. ಕಾರಣ ತಿಳಿಸಿ ಎನ್ನುತ್ತದೆ. ತಿಳಿಸುತ್ತಾರೆ. ಯಂತ್ರವನ್ನು ಆರಿಸಿ ಹೊತ್ತಿಸಿದರೆ ಮೂಲೆಯಲ್ಲಿ ಅದೇ ಗುರಾಣಿಯ ಚಿತ್ರ.

“ಕರೀದೇ ಬಂದ ನೆಂಟ ಇದು. ಬಾಗಿಲ ತನಕ ಕಳಿಸಿ ಬಂದ್ರೆ, ಹಿತ್ತಿಲಿಂದ ಬಂದು ಒಳಗೆ ಕೂತಿರತ್ತೆ” ಎನ್ನುತ್ತಾರೆ, ನಗದೆ.

ದಾದಿಯರು ಅವರನ್ನು ಕರೆಯುವುದು ‘ಅಳಿಸೋ ಅಕ್ಕ’ ಎಂದು. ಬೆರಳಚ್ಚುಗಾರ್ತಿಯಾಗಿ ಸೇರಿದವರು ಈಗ ನಲವತ್ತೊಂದು ಯಂತ್ರಗಳಿಗೆ ದಿಕ್ಕು. ಹೆಚ್ಚಿನವು ಯಾವುದೋ ಕಚೇರಿಗಳು ಬಳಸಿ ಕೊಟ್ಟವು. ಒಂದೊಂದರಲ್ಲೂ ಇಂಥ ಇಬ್ಬರು ಮೂವರು ಕಾವಲುಗಾರರು, ತಮ್ಮತಮ್ಮಲ್ಲೇ ಜಗಳ. ರೋಗಿಯ ಕಡತವೊಂದು ತೆರೆಯಲು ನಾಲ್ಕು ನಿಮಿಷ ಬೇಕು. ಬೇಲಿಯೇ ಎದ್ದು ಹೊಲ ಮೇಯ್ದಂತೆ. ಒಂದು ಯಂತ್ರಕ್ಕೆ ಒಂದೇ ಕಾವಲು ಸಾಕೆಂಬುದು ಅಕ್ಕನ ಲೆಕ್ಕ. ಎಂಟಕ್ಕೆ ಜನ ಬರುವುದರೊಳಗೆ ಎರಡು ಯಂತ್ರ ಹಗುರಾದರೆ ಅವತ್ತು ಒಳ್ಳೆಯ ದಿನ.

ಈ ಹಟಕ್ಕೆ ಆರು ವರ್ಷ. ಆಗ ಕಡತಗಳ ನಕಲು ತೆಗೆದಿಡುವ ತಂತ್ರಾಂಶವೊಂದಿತ್ತು. ದಿನವೂ ಸಂಜೆ ಹಸಿರು ಗುರುತು ತೋರಿಸಿ ‘ಎಲ್ಲ ಸುರಕ್ಷಿತ’ ಎನ್ನುತ್ತಿತ್ತು. ಅಕ್ಕ ಅದನ್ನು ನೋಡಿ ರಿಜಿಸ್ಟರಿಗೆ ಸಹಿ ಹಾಕುತ್ತಿದ್ದರು. ಒಂದು ಬೆಳಿಗ್ಗೆ ಮೂಲ ಡಿಸ್ಕ್ ಕೈಕೊಟ್ಟಿತು. ನಕಲು ತೆರೆದರೆ ಹದಿನಾಲ್ಕು ತಿಂಗಳಿಂದ ಅದರಲ್ಲಿ ಏನೂ ಸೇರಿಲ್ಲ. ಜಾಗ ತುಂಬಿದೆ ಎಂಬ ಎಚ್ಚರಿಕೆ ಬಂದಿತ್ತಂತೆ. ಅದೇ ತಂತ್ರಾಂಶ ದಿನಕ್ಕೆ ಹತ್ತು ಸಲ ಎಬ್ಬಿಸುತ್ತಿದ್ದ ಜಾಹೀರಾತುಗಳ ನಡುವೆ ಅದೂ ಒಂದಾಗಿ ಮುಚ್ಚಿಹೋಗಿತ್ತು.

ಅದೇ ವಾರ ದರ್ಜಿಯೊಬ್ಬರನ್ನು ಜ್ವರದಲ್ಲಿ ಎಚ್ಚರವಿಲ್ಲದೆ ತಂದರು. ಒಂದು ಚುಚ್ಚುಮದ್ದು ಅವರಿಗೆ ಆಗಿಬರದು ಎಂದು ಬರೆದಿದ್ದ ಕಡತ ಇಲ್ಲ. ಗಾಬರಿಯಲ್ಲಿದ್ದ ಹೆಂಡತಿಗೆ ಅದು ನೆನಪಾಗಲಿಲ್ಲ. ಅದನ್ನೇ ಕೊಟ್ಟರು. ಒಂಬತ್ತು ದಿನ ತೀವ್ರ ನಿಗಾ. ಬದುಕಿದರು, ಗಂಟಲಿಗೆ ನಳಿಗೆ ಇಳಿಸಿದ್ದರಿಂದ ದನಿ ಮಾತ್ರ ಇವತ್ತಿಗೂ ಒಡಕು.

ವಿಚಾರಣೆಯಲ್ಲಿ ಯಾರದೂ ತಪ್ಪಿಲ್ಲ ಎಂದಾಯಿತು. ಅಕ್ಕನಿಗೆ ಊಟ ಸೇರಲಿಲ್ಲ. ಒಂದು ಮಧ್ಯಾಹ್ನ ದರ್ಜಿಯ ಅಂಗಡಿಗೇ ಹೋದರು.

“ದಿನಾ ಸಹಿ ಹಾಕ್ತಿದ್ದೋಳು ನಾನು. ಒಂದಿನಾನೂ ತೆರೆದು ನೋಡ್ಲಿಲ್ಲ ಅಂತ ಹೇಳ್ದೆ.”

ದರ್ಜಿ ಹೊಲಿಗೆ ಯಂತ್ರದ ಚಕ್ರಕ್ಕೆ ಕೈಯಿಟ್ಟು ನಿಲ್ಲಿಸಿದರಂತೆ. ಆಮೇಲೆ ಅಂದದ್ದು ಇಷ್ಟೇ: “ನಂದು ಈಗ ಎಲ್ರಿಗೂ ಗೊತ್ತಾಯ್ತು. ಮಿಕ್ಕೋರದ್ದು ಬರೀರಿ.”

ಬರೆದರು. ಕಳೆದುಹೋದ ಕಡತಗಳು ಮೂರು ಸಾವಿರದ ಅರವತ್ತು. ದಾದಿಯರ ಹಳೆಯ ಪುಸ್ತಕ, ರೋಗಿಗಳ ಮನೆಯಲ್ಲಿ ಮಡಚಿಟ್ಟಿದ್ದ ಚೀಟಿ, ಔಷಧಿ ಅಂಗಡಿಯ ರಸೀದಿ, ಸಿಕ್ಕಿದ್ದೆಲ್ಲ ಕೂಡಿಸಿದರು. ಕೆಲಸ ಮುಗಿದ ಮೇಲೆ ಎರಡು ಗಂಟೆ, ರಜೆಯಲ್ಲೂ. ಮಗಳು ಓದಿ ಹೇಳುವುದು, ತಾಯಿ ಟೈಪು ಮಾಡುವುದು. ಆ ವರ್ಷಗಳಲ್ಲಿ ಮನೆಯಲ್ಲಿ ಔಷಧಿಯ ಹೆಸರು ಬಿಟ್ಟು ಬೇರೆ ಮಾತೇ ಇರಲಿಲ್ಲ ಎಂದು ಮಗಳು ನೆನೆಯುತ್ತಾರೆ.

ಈಗ ಸೋಮವಾರಕ್ಕೊಮ್ಮೆ ನಕಲಿನಿಂದ ಯಾವುದಾದರೂ ಕಡತ ಎತ್ತಿ, ಬೇರೆ ಯಂತ್ರದಲ್ಲಿ ತೆರೆದು, ಮೊದಲಿಂದ ಕೊನೆಯವರೆಗೆ ಓದುತ್ತಾರೆ. ಆಮೇಲಷ್ಟೇ ಸಹಿ.

ಬರುವ ವರ್ಷ ನಿವೃತ್ತಿ. ಸನ್ಮಾನ ಮಾಡುತ್ತೇವೆಂದರೆ ಬೇಡವೆಂದಿದ್ದಾರೆ. ಏನು ಬೇಕೆಂದು ಕೇಳಿದರೆ ಮೇಜಿನ ಗಾಜಿನಡಿಯ ಹೆಸರುಗಳ ಪಟ್ಟಿ ತೋರಿಸುತ್ತಾರೆ.

“ಇನ್ನೂ ಎಂಬತ್ತೊಂಬತ್ತು ಜನ ಸಿಕ್ಕಿಲ್ಲ. ನಿಮ್ಮ ಪೇಪರ್‌ನಲ್ಲಿ ಅದೊಂದು ಹಾಕಿ. ಕಾಯಿಲೆ ಬಿದ್ದು ಬರೋದು ಬೇಡ. ಚೆನ್ನಾಗಿರೋವಾಗ್ಲೇ ಒಂದ್ಸಲ ಬಂದು, ಯಾವ ಮದ್ದು ಆಗಲ್ಲ ಅಂತ ಹೇಳಿ ಹೋಗ್ಲಿ.”